ಚಿತ್ರದ ಬೆನ್ನಿಗೆ ನಾಲ್ಕು ಸಾಲು

“ಸರ, ನಮ್ಮ ಹುಡುಗ ರವಿವಾರ ಬಂತಂದ್ರ ಹಾಳಿ, ಬಣ್ಣದ ಡಬ್ಬಿ ಹಿಡಕೊಂಡು ಹೊಳಿ ದಂಡಿಗೆ ಹೋಗಿ ಕೂಡತಾನ್ರಿ. ಬಿಸಲಾಗ ಕುಂತು ಚಿತ್ರಾ ಬರದ್ರ ಅದನ್ನ ಯಾರ್ ನೋಡ್ತಾರ್ರಿ?”

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಪಾಲಕರ ಬಾಯಲ್ಲಿ ಇಂಥ ಮಾತು ಬರುವುದುಂಟು. ಇದು ಸಿಟ್ಟಿನ ಮಾತಲ್ಲ, ಕಾಳಜಿಯ ಮಾತು. ಇದರಲ್ಲಿ ಎರಡು ಪ್ರಶ್ನೆಗಳಿವೆ. ಮನೆಯಲ್ಲಿ ಕೂತು ಫೋಟೊ ನೋಡಿ ಬರೆಯಬಹುದಾದದ್ದಕ್ಕೆ ಹೊಳೆಯ ದಂಡೆಗೇ ಏಕೆ ಹೋಗಬೇಕು? ಬರೆದ ಚಿತ್ರ ನಾಲ್ಕು ಜನರ ಕಣ್ಣಿಗೆ ಬೀಳುವುದು ಹೇಗೆ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಎಂಬುದು ನನ್ನ ಅನಿಸಿಕೆ.

ಮೊದಲು ಹೊಳೆಯ ದಂಡೆಯ ಮಾತು. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತಾಳೆ. ಮಳೆಗಾಲದಲ್ಲಿ ಆ ನೀರು ಬಿಳಿಯಲ್ಲ, ಕೆಂಪು ಮಣ್ಣು ಕಲಸಿದ ಬಣ್ಣ. ಬೇಸಗೆಯಲ್ಲಿ ಅದೇ ಜಾಗದಲ್ಲಿ ಬರೀ ಬಂಡೆ, ನಡುವೆ ಒಂದೆರಡು ನೀರಿನ ಎಳೆ. ಕ್ಯಾಲೆಂಡರಿನ ಜಲಪಾತ ನೋಡಿ ಬರೆಯುವ ಹುಡುಗ ವರ್ಷವಿಡೀ ನೀಲಿ ನೀರು, ಬಿಳಿ ನೊರೆ ಬರೆಯುತ್ತಾನೆ. ಎದುರು ಕೂತವನು ಕೆಂಪು ಬರೆಯುತ್ತಾನೆ. ಫೋಟೊದಲ್ಲಿ ಬಂಡೆಯ ನೆರಳು ಬಹುಮಟ್ಟಿಗೆ ಕಪ್ಪಾಗಿಯೇ ಬೀಳುತ್ತದೆ. ಎದುರು ಕೂತವನಿಗೆ ಆ ನೆರಳಿನೊಳಗೆ ನೀಲಿ, ನೇರಳೆ ಕಾಣುತ್ತವೆ. ನೋಡುವುದನ್ನು ಕಲಿಯುವುದೆಂದರೆ ಇದೇ.

ಬಯಲಿನಲ್ಲಿ ಕೂತು ಬಣ್ಣ ಹಾಕುವುದು ಒಂದು ಕಾಲಕ್ಕೆ ಬಲು ತ್ರಾಸಿನ ಕೆಲಸವಾಗಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಲೋಹದ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ. ಅಲ್ಲಿಂದ ಎಣ್ಣೆ ಬಣ್ಣವನ್ನು ಚೀಲಕ್ಕೆ ಹಾಕಿಕೊಂಡು ಹೊರಡುವುದು ಸುಲಭವಾಯಿತು. ನಮ್ಮ ಹುಡುಗರಿಗೆ ಅಷ್ಟೂ ಬೇಡ. ಒಂದು ರಟ್ಟು, ಎರಡು ಕ್ಲಿಪ್ಪು, ದಪ್ಪ ಹಾಳೆ, ಜಲವರ್ಣದ ಡಬ್ಬಿ, ಎರಡು ಕುಂಚ, ನೀರಿನ ಬಾಟಲಿ, ಹಳೆಯ ಅರಿವೆಯ ತುಂಡು, ತಲೆಗೊಂದು ಟೊಪ್ಪಿಗೆ ಸಾಕು. ಹಾಳೆಯ ಮೇಲೆ ನೇರ ಬಿಸಿಲು ಬೀಳದಂತೆ ಕೂಡಬೇಕು, ಇಲ್ಲವಾದರೆ ಬಣ್ಣ ಎಷ್ಟು ಗಾಢವಾಯಿತೆಂಬುದು ತಿಳಿಯುವುದಿಲ್ಲ. ಕೂತ ಕೂಡಲೇ ನೆರಳಿನ ಆಕಾರವನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಬೇಕು. ಒಂದೆರಡು ತಾಸಿನಲ್ಲಿ ಸೂರ್ಯ ಸರಿದು ನೆರಳು ಬೇರೆಯಾಗಿರುತ್ತದೆ. ಅಷ್ಟರೊಳಗೆ ಮುಗಿಯದಿದ್ದರೆ ಮರುದಿನ ಅದೇ ಹೊತ್ತಿಗೆ ಬಂದು ಕೂಡುವುದೇ ಸರಿ.

ಬರೆಯಲು ಜಲಪಾತವೇ ಬೇಕೆಂದಿಲ್ಲ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಇದೆ. ಹುಕ್ಕೇರಿಯ ಹಳೆಯ ಗುಮ್ಮಟಗಳಿವೆ. ಹಿಡಕಲ್ ಜಲಾಶಯದ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣುತ್ತದೆ; ನೀರು ಏರಿದರೆ ಮತ್ತೆ ಮುಳುಗುತ್ತದೆ. ಮೂಡಲಗಿ ಕಡೆಯ ಕರಿಮಣ್ಣಿನ ಹೊಲ, ಕಬ್ಬಿನ ಗದ್ದೆ, ಕಾಲುವೆಯ ದಂಡೆ ಇವೆ. ಕಟ್ಟಿಗೆಯ ಹಣ್ಣಿಗೆ ಬಣ್ಣ ಹಚ್ಚಿ, ನಿಜವಾದ ಹಣ್ಣೇ ಎಂದು ಕೈ ಹಾಕುವಂತೆ ಮಾಡುವ ಗೊಂಬೆ ಕಸುಬುದಾರರ ಊರು ಗೋಕಾಕ. ಬಣ್ಣವನ್ನು ನೋಡಿ ಹಚ್ಚುವ ವಿದ್ಯೆ ನಮ್ಮ ಸೀಮೆಗೆ ಹೊಸತಲ್ಲ. ಬೆಳಗಾವಿಯಲ್ಲಿ ‘ಚಿತ್ರಮಂದಿರ’ ಕಟ್ಟಿ ಹಲವರನ್ನು ತಯಾರು ಮಾಡಿದ ಕೆ.ಬಿ. ಕುಲಕರ್ಣಿಯವರು ಭಾವಚಿತ್ರಗಳಷ್ಟೇ ಪ್ರೀತಿಯಿಂದ ನಿಸರ್ಗ ಚಿತ್ರಗಳನ್ನೂ ಬರೆದವರು.

ಇನ್ನು “ಯಾರ್ ನೋಡ್ತಾರ್ರಿ” ಎಂಬ ಪ್ರಶ್ನೆ. ಇದಕ್ಕೆ ಬೆಂಗಳೂರಿನ ರುಮಾಲೆ ಚೆನ್ನಬಸವಯ್ಯನವರನ್ನು ನೆನೆಯಬೇಕು. ಅವರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದರು. ಹರೆಯದಲ್ಲಿ ಚಿತ್ರಕಲೆ ಕಲಿತರು, ಅದನ್ನು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು. ಮತ್ತೆ ಮನಸ್ಸಿಟ್ಟು ಕುಂಚ ಹಿಡಿದದ್ದು 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ. ರಸ್ತೆಯ ಬದಿಯಲ್ಲಿ, ಹೂ ಬಿಟ್ಟ ಮರಗಳ ಎದುರು ನಿಂತು ಬರೆದರು. 1988ರಲ್ಲಿ ತೀರಿಕೊಂಡರು. ಆ ಬಳಿಕ ಬೆಂಗಳೂರಿನ ಎಷ್ಟೋ ಮರಗಳು ಉರುಳಿದವು, ಚಿತ್ರಗಳು ಉಳಿದವು. ಇಂದು ಅವು ಚಿತ್ರಗಳೂ ಹೌದು, ಊರು ಹೇಗಿತ್ತೆಂಬುದಕ್ಕೆ ಸಾಕ್ಷಿಯೂ ಹೌದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೆರೆ ಗೋಕಾಕದ ಓಣಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ, ಕಣ್ಣೆದುರಿನದು ಹಾಗೇ ಇರುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಚಿತ್ರ ಸಾಕ್ಷಿಯಾಗಬೇಕಾದರೆ ಅದು ಎಲ್ಲಿಯದು, ಯಾವಾಗಿನದು, ಯಾರದು ಎಂಬುದು ತಿಳಿಯಬೇಕು. ಅಂತರಜಾಲದಲ್ಲಿ ಕಣ್ಣಿಗೆ ಬೀಳುವ ಗುಟ್ಟೂ ಇದೇ. ಹುಡುಗರು ಮೊಬೈಲಿನಲ್ಲಿ ಫೋಟೊ ತೆಗೆದು, ‘ನನ್ನ ಚಿತ್ರ’ ಎಂದು ಬರೆದು ಹಾಕಿಬಿಡುತ್ತಾರೆ. ಗೆಳೆಯರು ಮೆಚ್ಚುತ್ತಾರೆ, ಎರಡು ದಿನಕ್ಕೆ ಅದು ಕೆಳಗೆ ಸರಿದುಹೋಗುತ್ತದೆ. ಇಂದಿನ ಹುಡುಕುವ ಯಂತ್ರಗಳು ಚಿತ್ರದಲ್ಲಿ ನೀರಿದೆ, ಬಂಡೆ ಇದೆ ಎಂದು ಗುರುತಿಸಬಲ್ಲವು. ಅದು ಗೊಡಚಿನಮಲ್ಕಿಯ ನೀರು, ಶ್ರಾವಣದ ಮುಂಜಾವು, ಬರೆದವಳು ಹುಕ್ಕೇರಿಯ ವಿದ್ಯಾರ್ಥಿನಿ ಎಂಬುದನ್ನು ನಾವು ಹೇಳದೆ ಯಂತ್ರ ತಿಳಿಯುವ ಬಗೆಯಿಲ್ಲ. ಎಲ್ಲೋ ಪುಣೆಯಲ್ಲಿ ಕೂತ ಗೋಕಾಕದವರು ತಮ್ಮ ಊರಿನ ಹೆಸರು ಹಾಕಿ ಹುಡುಕಿದರೆ, ‘ನನ್ನ ಚಿತ್ರ’ ಅವರಿಗೆ ಸಿಕ್ಕುವುದು ಹೇಗೆ?

ಆದ್ದರಿಂದ, ವಿದ್ಯಾರ್ಥಿಗಳೇ, ಚಿತ್ರ ಮುಗಿದ ಮೇಲೆ ಎದ್ದು ಬರುವ ಮೊದಲು ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆಯಿರಿ. ಪೆನ್ನು ಬೇಡ, ಮಸಿ ಈಚೆಗೆ ಒಡೆದೀತು. ಒಂದನೆಯ ಸಾಲು: ಜಾಗ, ಊರು, ತಾಲ್ಲೂಕು. ಎರಡನೆಯದು: ತಾರೀಖು, ಹೊತ್ತು. ಮೂರನೆಯದು: ಆ ದಿನ ಕಂಡದ್ದು, ‘ನೀರು ಕೆಂಪು, ಎಡಕ್ಕೆ ಮೋಡ’ ಎಂಬಂತೆ. ನಾಲ್ಕನೆಯದು: ನಿಮ್ಮ ಹೆಸರು, ಬಣ್ಣದ ಬಗೆ, ಹಾಳೆಯ ಅಳತೆ. ಅಂತರಜಾಲಕ್ಕೆ ಹಾಕುವಾಗ ಈ ನಾಲ್ಕು ಸಾಲುಗಳನ್ನೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚಿತ್ರದ ಕೆಳಗೆ ಕೊಡಿ. ಫೈಲಿಗೆ ಮೊಬೈಲು ಕೊಟ್ಟ ಅಂಕಿಗಳ ಬದಲು ಜಾಗದ ಹೆಸರಿಡಿ. ನಿಮ್ಮ ಹೆಸರನ್ನು ಎಲ್ಲ ಕಡೆಗೂ ಒಂದೇ ರೀತಿ ಬರೆಯಿರಿ. ಕೆಲವು ತಾಣಗಳಲ್ಲಿ ಚಿತ್ರದ ವಿವರಣೆಗೆಂದು ಬೇರೊಂದು ಜಾಗವಿರುತ್ತದೆ, ಅದನ್ನು ಖಾಲಿ ಬಿಡಬೇಡಿ. ಕಣ್ಣು ಕಾಣದವರ ಫೋನು ಆ ವಿವರಣೆಯನ್ನೇ ಅವರಿಗೆ ಓದಿ ಹೇಳುತ್ತದೆ. ಫೋಟೊ ತೆಗೆಯುವಾಗ ಬಾಗಿಲ ಬಳಿಯ ನೆರಳಿನಲ್ಲಿ ಚಿತ್ರವನ್ನಿಟ್ಟು, ಫ್ಲ್ಯಾಶ್ ಇಲ್ಲದೆ, ನೇರವಾಗಿ ತೆಗೆಯಿರಿ.

ಪಾಲಕರಿಗೆ ಎರಡು ಮಾತು. ಮಕ್ಕಳ ಫೋನ್ ನಂಬರು, ಮನೆಯ ವಿಳಾಸ ಚಿತ್ರದ ಜೊತೆಗೆ ಹೋಗದಂತೆ ನೋಡಿಕೊಳ್ಳಿ. ಕೊಳ್ಳುತ್ತೇವೆಂದು ಬರುವವರ ಸಂಗಡ ನೀವೇ ಮಾತಾಡಿ. ತಾವೇ ಕಂಡು ಬರೆದ ಚಿತ್ರದ ಹಕ್ಕು ಬರೆದ ಗಳಿಗೆಯಿಂದಲೇ ಮಕ್ಕಳದು. ನಮ್ಮ ಕಾನೂನಿನಂತೆ ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಬೇರೆಯವರ ಫೋಟೊ ನೋಡಿ ನಕಲು ಮಾಡಿದ್ದಕ್ಕೆ ಈ ಮಾತು ಹೊಂದುವುದಿಲ್ಲ. ಇನ್ನೊಂದು, ಜಲಪಾತದ ಅಂಚಿನ ಬಂಡೆ ಜಾರುತ್ತದೆ. ಮಕ್ಕಳನ್ನು ಒಬ್ಬರನ್ನೇ ಕಳಿಸಬೇಡಿ, ನೀವೂ ಹೋಗಿ. ದೂರ ಕೂತರೂ ಚಿತ್ರ ಬರುತ್ತದೆ.

ಹೀಗೆ ಮಾಡಿದರೆ ಚಿತ್ರ ಮಾರಾಟವಾದೀತೆಂದು ನಾನು ಭರವಸೆ ಕೊಡಲಾರೆ. ನೋಡುವವರು ನಾಳೆ ಬರಬಹುದು, ಇಪ್ಪತ್ತು ವರ್ಷದ ಮೇಲೆ ಬರಬಹುದು. ಬಂದಾಗ ಅವರಿಗೆ ದಾರಿ ಗೊತ್ತಾಗುವಂತೆ ಇಟ್ಟಿರುವುದಷ್ಟೇ ನಮ್ಮ ಕೆಲಸ. ಅಲ್ಲಿಯತನಕ ಮೊದಲ ನೋಡುಗ ಮನೆಯಲ್ಲೇ ಇದ್ದಾನಲ್ಲ! ಈ ರವಿವಾರ ಹುಡುಗ ಹೊಳೆಯಿಂದ ಮರಳಿದಾಗ ಹಾಳೆಯನ್ನು ಕೈಗೆ ತೆಗೆದುಕೊಂಡು, ಚಿತ್ರ ನೋಡಿ, ಬೆನ್ನು ತಿರುವಿ ಆ ನಾಲ್ಕು ಸಾಲು ಓದಿರಿ. “ಯಾರ್ ನೋಡ್ತಾರ್ರಿ” ಎಂಬ ಪ್ರಶ್ನೆಗೆ ಮೊದಲ ಉತ್ತರ ನೀವೇ ಆಗುತ್ತೀರಿ.