ಕಸುವಿಲ್ಲದ ದಿನಗಳು

ಕೆಲಸಕ್ಕೆ ಒಗ್ಗದವನನ್ನು ಹಳಿಯಲು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಸೋಮಾರಿ, ಆಲಸಿ, ಜಡಭರತ, ಉಂಡಾಡಿ, ಮೈಗಳ್ಳ. ಇವುಗಳಲ್ಲಿ ಮೈಗಳ್ಳ ಎಂಬುದು ಬಹು ಸೊಗಸಾದ ಮಾತು. ದುಡಿಯಬೇಕಾದ ಮೈಯನ್ನು ದುಡಿಮೆಯಿಂದ ಕದ್ದು ಬಚ್ಚಿಡುವವನು ಎಂದು ಅದರ ಭಾವ. ಆದರೆ ಮೈಯೇ ಮನುಷ್ಯನಿಂದ ಕಸುವನ್ನು ಕದ್ದುಕೊಂಡು ಹೋದರೆ ಅವನನ್ನು ಏನೆಂದು ಕರೆಯಬೇಕು? ಅಂಥವನಿಗೆ ನಮ್ಮಲ್ಲಿ ಹೆಸರಿಲ್ಲ. ಇದರ ಮೇಲೆ ‘ಪೌರುಷ’ವೆಂಬ ಇನ್ನೊಂದು ಮಾತು ಬೇರೆ ನಮ್ಮನ್ನು ಇಕ್ಕಟ್ಟಿಗೆ ಸಿಲುಕಿಸಿದೆ. ಪುರುಷತ್ವವೂ ಪೌರುಷವೇ, ಪ್ರಯತ್ನವೂ ಪೌರುಷವೇ. ದೈವ ಪೌರುಷಗಳ ತಾರತಮ್ಯವನ್ನು ಹಿರಿಯರು ಚರ್ಚಿಸಿದುದು ಈ ಎರಡನೆಯ ಅರ್ಥದಲ್ಲಿ. ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕಿದುದರ ಫಲವೇನೆಂದರೆ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಾರದ ಗಂಡಸು ತಾನು ಗಂಡಸೇ ಅಲ್ಲವೇನೋ ಎಂದು ಒಳಗೊಳಗೇ ಅಂಜುತ್ತಾನೆ. ಹಾಗೆ ಅಂಜಿದವನು ವೈದ್ಯರ ಬಳಿಗೆ ಸುಲಭವಾಗಿ ಹೋಗುವುದಿಲ್ಲ.

ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಕೊರತೆಯಿಂದ ಕಸುವು ಕುಂದಿದವರನ್ನು ಕುರಿತು, ಅದರಲ್ಲಿಯೂ ಚಿಕಿತ್ಸೆ ಇನ್ನೂ ಮೊದಲಾಗದೆ ಪರೀಕ್ಷೆಗಳ ನಡುವೆ ಕಾಯುತ್ತಿರುವವರನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವಿಷಯ ಪಟ್ಟಣದ್ದೆಂದು ವಾಚಕರು ಭಾವಿಸಬಾರದು. ಸತ್ತೇಗಾಲದಲ್ಲಿ ನಲವತ್ತೈದು ವರ್ಷದ ರೇಷ್ಮೆ ಬೆಳೆಗಾರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಎರಡು ವರ್ಷದ ಹಿಂದೆ ಮಂಕರಿ ತುಂಬ ಹಿಪ್ಪುನೇರಳೆ ಸೊಪ್ಪನ್ನು ಹೊತ್ತು ಸಲೀಸಾಗಿ ನಡೆಯುತ್ತಿದ್ದವನು ಇಂದು ಅರ್ಧ ಮಂಕರಿಗೇ ಏದುಸಿರು ಬಿಡುತ್ತಾನೆ. ಊಟವಾದೊಡನೆ ತೂಕಡಿಕೆ, ರಾತ್ರಿ ನಿದ್ದೆಯಿಲ್ಲ. ಗಡ್ಡ ಬೆಳೆಯುವುದು ನಿಧಾನವಾಗಿದೆ, ಹೊಟ್ಟೆ ಬೆಳೆಯುವುದು ಚುರುಕಾಗಿದೆ. ಹೆಂಡತಿಯ ಬಳಿ ಸಾರುವ ಆಸೆಯೇ ಅಡಗಿದೆ; ಅದನ್ನು ಯಾರ ಮುಂದೆ ಹೇಳುವುದು? ಮನೆಯಲ್ಲಿ ತಾಯಿ ‘ಏನೋ ಗಾಳಿ ಸೋಕಿದೆ’ ಎನ್ನುತ್ತಾಳೆ. ಜಗಲಿಯ ಮೇಲೆ ಕುಳಿತ ಚಿಕ್ಕಪ್ಪ ‘ಈ ಕಾಲದ ಹುಡುಗರಿಗೆ ಮೈ ಬಗ್ಗೋದಿಲ್ಲ’ ಎಂದು ತೀರ್ಪು ಕೊಡುತ್ತಾನೆ. ಕೊನೆಗೆ ಕೊಳ್ಳೇಗಾಲದ ವೈದ್ಯರೊಬ್ಬರು ರಕ್ತಪರೀಕ್ಷೆಗೆ ಚೀಟಿ ಬರೆದು, ಒಂದು ಸಲ ಸಾಲದು, ಕೆಲವು ವಾರ ಬಿಟ್ಟು ಎರಡನೆಯ ಸಲವೂ ಆಗಬೇಕು ಎಂದು ಹೇಳಿ ಕಳುಹಿಸುತ್ತಾರೆ. ಆ ವಾರಗಳನ್ನು ಅವನು ಹೇಗೆ ಕಳೆಯಬೇಕು?

ಈ ಪ್ರಶ್ನೆಗೆ ಬೆಳೆಗಾರನ ಹುಳುಮನೆಯಲ್ಲಿಯೇ ಒಂದು ಉತ್ತರವಿದೆ. ಕೊಳ್ಳೇಗಾಲ ಸೀಮೆ ರೇಷ್ಮೆಗೆ ಹೆಸರಾದದ್ದು. 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗಲೂ ಇದರ ಹಿರಿಮೆ ಅದೇ ಆಗಿತ್ತು. ಈಗ ಬೆಳೆ ಹಿಂದಿನಷ್ಟಿಲ್ಲದಿದ್ದರೂ ಬೆಳೆಗಾರರ ಮಾತು ಉಳಿದಿದೆ. ರೇಷ್ಮೆಹುಳು ತನ್ನ ಆಯುಷ್ಯದಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನದ ಮಟ್ಟಿಗೆ ಅಲುಗದೆ ಕೂರುತ್ತದೆ. ಇದಕ್ಕೆ ನಮ್ಮವರು ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಯಾವ ಬೆಳೆಗಾರನೂ ಸೋಮಾರಿಯೆಂದು ಬಯ್ಯುವುದಿಲ್ಲ. ಆಗ ಸೊಪ್ಪು ಹಾಕುವುದಿಲ್ಲ. ಹಾಸಿಗೆ ತೇವವಾಗದಂತೆ ಸುಣ್ಣದ ಪುಡಿ ಉದುರಿಸುತ್ತಾನೆ, ಗಾಳಿಯಾಡಿಸುತ್ತಾನೆ, ಎಲ್ಲ ಹುಳುಗಳೂ ಎದ್ದವೋ ಇಲ್ಲವೋ ಎಂದು ನೋಡಿಕೊಂಡು ಆಮೇಲೆ ಮೇವು ಕೊಡುತ್ತಾನೆ. ಸುಮ್ಮನೆ ಬಿಟ್ಟುಬಿಡುವುದೂ ಇಲ್ಲ, ಅವಸರಿಸುವುದೂ ಇಲ್ಲ. ಹುಳುವಿನ ವಿಷಯದಲ್ಲಿ ಇಷ್ಟು ವಿವೇಕವುಳ್ಳ ಮನೆ, ಮನೆಯ ಮಗನ ವಿಷಯದಲ್ಲಿ ಅದನ್ನು ಮರೆಯುವುದು ವಿಚಿತ್ರವೇ ಸರಿ. ಹುಳುವಿನ ಜ್ವರ ಸಹಜವಾದುದು, ತಾನೇ ಬಿಡುವಂಥದು. ಮನುಷ್ಯನ ಈ ದಣಿವು ಹಾಗೆ ತಾನೇ ಬಿಡಲಾರದು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಬೇಡ.

ಈ ಕಾಯುವಿಕೆ ಏತಕ್ಕೆ, ನೇರವಾಗಿ ಸೂಜಿಮದ್ದು ಕೊಟ್ಟುಬಿಡಬಾರದೇ ಎಂದು ಕೇಳುವವರಿದ್ದಾರೆ. ಅವರು 1889ರ ಒಂದು ಕಥೆಯನ್ನು ಕೇಳಬೇಕು. ಬ್ರೌನ್ ಸೆಕಾರ್ ಎಂಬ ಹೆಸರಾಂತ ಶರೀರವಿಜ್ಞಾನಿ ಪ್ಯಾರಿಸಿನಲ್ಲಿ ತನ್ನ 72ನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ವೃಷಣದಿಂದ ತೆಗೆದ ರಸವನ್ನು ತನಗೆ ತಾನೇ ಚುಚ್ಚಿಕೊಂಡು, ಕಳೆದುಹೋದ ಶಕ್ತಿ ಮರಳಿತೆಂದು ವಿದ್ವತ್ಸಭೆಯ ಮುಂದೆ ಸಾರಿದನು. ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನು ಇದ್ದುದು ಲೆಕ್ಕಕ್ಕೇ ಬಾರದಷ್ಟು ಎಂದು ಈಗ ನಮಗೆ ಗೊತ್ತು. ಮರಳಿದ ಶಕ್ತಿ ನಂಬಿಕೆಯದು. ನಿಜವಾದ ಟೆಸ್ಟೋಸ್ಟೆರಾನನ್ನು ಹೋರಿಗಳ ವೃಷಣಗಳಿಂದ ಬೇರ್ಪಡಿಸಿದುದು 1935ರಲ್ಲಿ, ಆಮ್‌ಸ್ಟರ್‌ಡಾಮಿನಲ್ಲಿ. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1939ರಲ್ಲಿ ಅವರಿಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ವಸ್ತು ಕೈಗೆ ಸಿಕ್ಕಿ ತೊಂಬತ್ತು ವರ್ಷವಾಯಿತು. ಆದರೂ ಬ್ರೌನ್ ಸೆಕಾರನ ಭ್ರಮೆ ನಮ್ಮ ಬಸ್ ನಿಲ್ದಾಣಗಳ ಗೋಡೆಯ ಮೇಲೆ ಇನ್ನೂ ಬದುಕಿದೆ. ‘ಪುರುಷ ದೌರ್ಬಲ್ಯಕ್ಕೆ ಖಚಿತ ಪರಿಹಾರ’ ಎಂಬ ಬಣ್ಣದ ಅಕ್ಷರಗಳನ್ನು ಓದದೆ ನಮ್ಮ ನಾಡಿನಲ್ಲಿ ಬಸ್ಸು ಹತ್ತುವುದೇ ಕಷ್ಟ.

ಸತ್ತೇಗಾಲದವರಿಗೆ ರೋಗದ ಮರ್ಮವನ್ನು ತಿಳಿಸಲು ದೂರದ ದೃಷ್ಟಾಂತ ಬೇಕಿಲ್ಲ. ಅವರ ಊರಿನ ಬಳಿಯೇ ಕಾವೇರಿ ಕವಲೊಡೆದು, ಶಿವನಸಮುದ್ರದ ದ್ವೀಪವನ್ನು ಬಳಸಿ, ಗಗನಚುಕ್ಕಿ ಭರಚುಕ್ಕಿಗಳಲ್ಲಿ ಧುಮುಕುತ್ತದೆ. ಆ ನೀರಿನಿಂದ ತೆಗೆದ ವಿದ್ಯುಚ್ಛಕ್ತಿ 1902ರ ಜೂನಿನಲ್ಲಿ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆದರೆ ಬೇಸಿಗೆಯಲ್ಲಿ ಹೊಳೆ ಇಳಿದಾಗ ಶಕ್ತಿಯೂ ಕುಗ್ಗುತ್ತಿತ್ತು. ಅದು ಯಂತ್ರದ ದೋಷವಲ್ಲವೆಂದೂ ಮೇಲಿನಿಂದ ನೀರು ಬರುತ್ತಿಲ್ಲವೆಂದೂ ಎಂಜಿನಿಯರುಗಳಿಗೆ ತಿಳಿದಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದುದಕ್ಕೆ ಇದ್ದ ಕಾರಣಗಳಲ್ಲಿ ಈ ಯಂತ್ರಾಗಾರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದು. ದೇಹದ ವ್ಯವಸ್ಥೆಯೂ ಹೆಚ್ಚುಕಡಮೆ ಹೀಗೆಯೇ. ಟೆಸ್ಟೋಸ್ಟೆರಾನ್ ಹುಟ್ಟುವುದು ವೃಷಣದಲ್ಲಿ. ಹುಟ್ಟಿಸೆಂಬ ಅಪ್ಪಣೆ ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಆ ಗ್ರಂಥಿಯನ್ನು ಆಳುವುದು ಅದರ ಮೇಲಿರುವ ಹೈಪೊಥಾಲಮಸ್. ಕೊರತೆ ಕಂಡಾಗ ಕೆಟ್ಟಿರುವುದು ಕೆಳಗೋ ಮೇಲೋ ಎಂದು ಮೊದಲು ನೋಡಬೇಕು. ಎಲ್.ಎಚ್. ಎಂಬ ಇನ್ನೊಂದು ಹಾರ್ಮೋನಿನ ಪರೀಕ್ಷೆ ಇದನ್ನು ಹೇಳುತ್ತದೆ: ಅಪ್ಪಣೆ ಜೋರಾಗಿದ್ದೂ ಫಲವಿಲ್ಲದಿದ್ದರೆ ದೋಷ ವೃಷಣದ್ದು, ಅಪ್ಪಣೆಯೇ ಕ್ಷೀಣವಾಗಿದ್ದರೆ ದೋಷ ಮೇಲಿನದು. ಹರೆಯದಲ್ಲಿ ಬಂದ ಮಂಗನಬಾವು ವೃಷಣಕ್ಕೆ ಇಳಿದದ್ದು, 1942ರಲ್ಲಿ ಕ್ಲೈನ್‌ಫೆಲ್ಟರ್ ವರ್ಣಿಸಿದ, ಹುಟ್ಟಿನಿಂದಲೇ ಬರುವ ವರ್ಣತಂತುವಿನ ವ್ಯತ್ಯಾಸ, ಇವು ಕೆಳಗಿನವು. ಪಿಟ್ಯುಟರಿಯ ಗಂತಿ, ತಲೆಗೆ ಬಿದ್ದ ಪೆಟ್ಟು, ಬಹುಕಾಲ ನುಂಗಿದ ಸ್ಟೀರಾಯ್ಡ್ ಮಾತ್ರೆ, ಅಫೀಮಿನ ಜಾತಿಯ ನೋವುನಿವಾರಕಗಳು, ಇವು ಮುಖ್ಯವಾಗಿ ಮೇಲಿನವು. ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನಲ್ಲಿಯೂ ಈ ಕೊರತೆ ಹೆಚ್ಚಾಗಿ ಕಾಣುತ್ತದೆ. ಇದನ್ನೆಲ್ಲ ಸೋಸದೆ ಮದ್ದು ಚುಚ್ಚಿದರೆ ಪಿಟ್ಯುಟರಿಯ ಗಂತಿ ಅಲ್ಲಿಯೇ ಬೆಳೆಯುತ್ತ ಉಳಿದೀತು.

ಎರಡು ಸಲ ಪರೀಕ್ಷೆಯೆಂದರೆ ಬಡವನ ಹಣ ಸುಲಿಯುವ ತಂತ್ರವೆಂದು ಕೆಲವರು ಗೊಣಗುವುದುಂಟು. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಏರಿ ಸಂಜೆಗೆ ಇಳಿಯುವ ವಸ್ತು. ಊಟದ ಮೇಲೂ ಇಳಿಯುತ್ತದೆ. ನೆಗಡಿ ಜ್ವರ ಬಂದರೂ ಇಳಿಯುತ್ತದೆ. ಅದಕ್ಕಾಗಿಯೇ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡಬೇಕೆಂದು 2018ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿಯ ಸೂತ್ರಗಳು ಹೇಳಿವೆ. ಅದೇ ವರ್ಷ ಅಲ್ಲಿನ ಮೂತ್ರರೋಗ ತಜ್ಞರ ಸಂಘ ಡೆಸಿಲೀಟರಿಗೆ 300 ನ್ಯಾನೊಗ್ರಾಮಿಗಿಂತ ಕಡಮೆಯಾದುದನ್ನು ಕೊರತೆಯೆಂದು ಎಣಿಸಿತು. ಅಂಕಿ ಕಡಮೆಯಾಗಿದ್ದು ಲಕ್ಷಣವಿಲ್ಲದಿದ್ದರೆ ರೋಗವೆನ್ನುವಂತಿಲ್ಲ. ಲಕ್ಷಣವಿದ್ದು ಅಂಕಿ ಸರಿಯಿದ್ದರೂ ಇಲ್ಲ.

ಇನ್ನೊಂದು ವಿಷಯವನ್ನು ಸಂಕೋಚ ಬಿಟ್ಟು ಹೇಳಬೇಕಾಗಿದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಪಿಟ್ಯುಟರಿ ತನ್ನ ಅಪ್ಪಣೆಯನ್ನು ನಿಲ್ಲಿಸುತ್ತದೆ; ವೃಷಣದಲ್ಲಿ ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ, ಕೆಲವರಲ್ಲಿ ನಿಂತೇಹೋಗುತ್ತದೆ. ಗಂಡಸುತನ ಹೆಚ್ಚಿಸುವುದೆಂದು ಊರೆಲ್ಲ ನಂಬಿರುವ ಮದ್ದು ಸಂತಾನಕ್ಕೆ ಅಡ್ಡಿಯಾಗುತ್ತದೆಂಬುದು ಎಷ್ಟು ಮಂದಿಗೆ ಗೊತ್ತು? ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ನಿಂತರೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಯಾತ್ರಿಕರು ಸದಾ ಕಾಣುತ್ತಾರೆ. ಅವರಲ್ಲಿ ಮಕ್ಕಳ ಫಲಕ್ಕಾಗಿ ಹರಕೆ ಹೊತ್ತ ಹೆಂಗಸರೂ ಇರುತ್ತಾರೆ. ಹರಕೆಗೆ ನನ್ನ ಆಕ್ಷೇಪವಿಲ್ಲ. ಬಂಜೆಯೆಂಬ ಮಾತನ್ನು ಹತ್ತು ವರ್ಷ ಕೇಳಿಸಿಕೊಂಡು ಬೆಟ್ಟ ಹತ್ತುವವಳ ಗಂಡನ ರಕ್ತವನ್ನಾಗಲಿ ವೀರ್ಯವನ್ನಾಗಲಿ ಒಮ್ಮೆಯೂ ಪರೀಕ್ಷಿಸಿರುವುದಿಲ್ಲವೆಂಬುದಕ್ಕೆ ನನ್ನ ಆಕ್ಷೇಪ. ಮಕ್ಕಳನ್ನು ಬಯಸುವ ಗಂಡಸು ಚಿಕಿತ್ಸೆಗೆ ಮೊದಲೇ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಅಂಥವರಿಗೆ, ದೋಷ ಮೇಲಿನದಾದರೆ, ಬೇರೆ ಮದ್ದುಗಳುಂಟು. ಹೇಳಿಕೊಳ್ಳಲು ಕಾಯುವ ಈ ವಾರಗಳೇ ತಕ್ಕ ಕಾಲ.

ಹೆಣ್ಣೆಂದು ಹುಟ್ಟಿಸಿಕೊಂಡು ಗಂಡಾಗಿ ಬಾಳುವವರೂ ಇದೇ ಔಷಧಕ್ಕೆ ಕಾಯುತ್ತಾರೆ. ಅವರ ದಣಿವಿಗೆ ಗ್ರಂಥಿ ಕಾರಣವಲ್ಲ. ದಿನವಿಡೀ ತಾನಲ್ಲದ ಹೆಸರಿಗೆ ಓಗೊಡುವ ಶ್ರಮವೇ ಬಹುಮಟ್ಟಿಗೆ ಕಾರಣ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಅಸ್ತಿತ್ವವನ್ನು ಮನ್ನಿಸಿತಾದರೂ ಹಳ್ಳಿಯ ಜಗಲಿ ಇನ್ನೂ ಮನ್ನಿಸಿಲ್ಲ. ಅದು ಬೇರೆಯೇ ಒಂದು ಲೇಖನಕ್ಕೆ ವಸ್ತು. ಸೋಮಾರಿತನದ ಅಪವಾದ ಮಾತ್ರ ಅವರಿಗೂ ಸಮಾನ.

ಮದ್ದು ಬಂದೊಡನೆ ಎಲ್ಲವೂ ಸರಿಹೋಗುವುದೆಂದು ಎಣಿಸಿ ಬದುಕನ್ನೇ ಮುಂದಕ್ಕೆ ಹಾಕುವವರೂ ಇದ್ದಾರೆ. ಮಗಳ ಮದುವೆಯ ಮಾತು, ಬಾವಿಯ ಪಂಪಿನ ದುರಸ್ತಿ, ಸಾಲದ ಕಂತು, ಎಲ್ಲವೂ ‘ಸೂಜಿ ಹಾಕಿಸಿದ ಮೇಲೆ’. ಅಮೆರಿಕದಲ್ಲಿ 65 ವರ್ಷ ದಾಟಿದ, ಕೊರತೆಯುಳ್ಳ 790 ಮಂದಿ ಗಂಡಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇವರ ಆಸೆಗೆ ಲಗಾಮು ಹಾಕುತ್ತದೆ. ಒಂದು ವರ್ಷ ಮದ್ದು ಪಡೆದವರಲ್ಲಿ ಕಾಮಾಸಕ್ತಿ ಹೆಚ್ಚಿತು, ಮನಸ್ಸಿನ ಸ್ಥಿತಿ ತುಸು ಸುಧಾರಿಸಿತು. ಆದರೆ ದಣಿವಿನ ಅಳತೆಯಲ್ಲಿ ಹುಸಿಮದ್ದು ಪಡೆದವರಿಗೂ ಇವರಿಗೂ ಎಣಿಸತಕ್ಕ ಅಂತರ ಕಾಣಲಿಲ್ಲ. ಗ್ರಂಥಿಯೇ ಕೆಟ್ಟ ಯುವಕರಿಗೆ ಆಗುವ ಲಾಭ ಇದಕ್ಕಿಂತ ಸ್ಪಷ್ಟವಾದುದು, ನಿಜ. ಆದರೂ ದಣಿವಿನ ಬೇರುಗಳು ಹಲವು: ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ನಿದ್ದೆಯಲ್ಲಿ ಗೊರಕೆಯೊಡನೆ ಉಸಿರು ಕಟ್ಟುವ ರೋಗ, ಕುಡಿತ, ಖಿನ್ನತೆ. ಕಾಯುವ ಕಾಲದಲ್ಲಿ ಇವನ್ನೆಲ್ಲ ನೋಡಿಸಿದರೆ ಅರ್ಧ ಭಾರ ಅಲ್ಲಿಯೇ ಇಳಿಯಬಹುದು. ಉಸಿರು ಕಟ್ಟುವ ರೋಗವಿದ್ದು ಅದಕ್ಕೆ ಉಪಚಾರವಾಗದಿದ್ದರೆ, ರಕ್ತದಲ್ಲಿ ಕೆಂಪುಕಣಗಳು ಮೊದಲೇ ಹೆಚ್ಚಿದ್ದರೆ, ವೈದ್ಯರು ಮದ್ದನ್ನು ತಡೆಹಿಡಿಯುವುದೂ ಉಂಟು.

ನಿದ್ದೆಯ ವಿಷಯ ಬಂದುದರಿಂದ ಒಂದು ಮಾತು. 2011ರಲ್ಲಿ ಷಿಕಾಗೋದ ಸಂಶೋಧಕರು ಆರೋಗ್ಯವಂತರಾದ ಹತ್ತು ಮಂದಿ ತರುಣರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಗೊಟ್ಟರು. ಹಗಲಿನಲ್ಲಿ ಅವರ ಟೆಸ್ಟೋಸ್ಟೆರಾನ್ ಶೇಕಡ 10ರಿಂದ 15ರಷ್ಟು ಇಳಿಯಿತು. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ನಮ್ಮ ಬೆಳೆಗಾರನ ರಾತ್ರಿಗಳು ಹೇಗಿರುತ್ತವೆಂದು ಬಲ್ಲವರು ಬಲ್ಲರು. ಮೇವಿನ ಬಹುಪಾಲನ್ನು ಹುಳು ತಿನ್ನುವುದೇ ಆ ಕೊನೆಯ ವಾರದಲ್ಲಿ. ಹೀಗಿರುವಲ್ಲಿ ರಾತ್ರಿಯ ಸೊಪ್ಪಿನ ಸರದಿಯನ್ನು ಮನೆಯವರು ಹಂಚಿಕೊಂಡರೆ ಅದೇ ಒಂದು ಚಿಕಿತ್ಸೆಯಂತೆ. ಅವನ ಕೈಲಾಗುವ ಕೆಲಸವನ್ನೆಲ್ಲ ಕಿತ್ತುಕೊಂಡು ಮೂಲೆಯಲ್ಲಿ ಕೂರಿಸುವುದಂತೂ ಬೇಡ. ಮೈಯಲ್ಲಿ ಇದ್ದಷ್ಟು ಕಸುವು ಬೆಳಗಿನ ಹೊತ್ತು ಇರುವುದರಿಂದ ಮುಖ್ಯವಾದ ಒಂದು ಕೆಲಸವನ್ನು ಆಗಲೇ ಮುಗಿಸಿ, ಉಳಿದುದನ್ನು ಆದರೆ ಆಯಿತೆಂದು ಬಿಡುವುದು ಜಾಣತನ. ಕಾಲುವೆಯ ಏರಿಯ ಮೇಲೆ ಅರ್ಧ ಗಂಟೆಯ ನಡಿಗೆ, ತೂಕವೆತ್ತುವ ಸ್ವಲ್ಪ ಕೆಲಸ, ಇವು ಮಾಂಸಖಂಡಗಳನ್ನು ಕಾಯುತ್ತವೆ. ಬೊಜ್ಜುಳ್ಳವನು ತೂಕ ಇಳಿಸಿದರೆ ಟೆಸ್ಟೋಸ್ಟೆರಾನ್ ತಾನಾಗಿಯೇ ಏರುವುದೂ ಉಂಟು. ಬೇಡವೆನಿಸಿದ ದಿನ ನಡೆಯದಿದ್ದರೆ ಪ್ರಪಂಚ ಮುಳುಗುವುದಿಲ್ಲ. ಆದರೆ ಬದುಕೇ ಬೇಡವೆನಿಸುವ ದಿನ ಬಂದರೆ ಅದು ದಣಿವಿನ ಮಾತಲ್ಲ. 2022ರಲ್ಲಿ ಮೊದಲಾದ ಸರ್ಕಾರದ ಟೆಲಿ-ಮಾನಸ್ ಸೇವೆಯ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹೆಂಡತಿಗೆ ಹೇಳುವ ವಿಚಾರದಲ್ಲಿ ನಮ್ಮ ಗಂಡಸರು ತೋರುವ ಹಿಂಜರಿಕೆಯನ್ನು ನಾನು ಒಪ್ಪಲಾರೆ. ಹೇಳದೆ ಉಳಿದರೆ ಅವಳು ತನ್ನ ಮೇಲೆ ಬೇಸರವೆಂದೋ, ಬೇರೆ ಮನೆಯ ದಾರಿಯೆಂದೋ ತಿಳಿಯುತ್ತಾಳೆ. ‘ಇದೊಂದು ಕಾಯಿಲೆ, ಪರೀಕ್ಷೆ ನಡೆಯುತ್ತಿದೆ’ ಎಂಬ ನಾಲ್ಕು ಮಾತಿಗೆ ಆ ಸಂಶಯವನ್ನು ಕಳೆಯುವ ಶಕ್ತಿಯಿದೆ. ಜಗಲಿಯ ಚಿಕ್ಕಪ್ಪನಿಗೆ ಹೇಳುವುದನ್ನು ಅವಳು ನೋಡಿಕೊಳ್ಳುತ್ತಾಳೆ. ಎರಡನೆಯ ಪರೀಕ್ಷೆಯ ದಿನ ರಕ್ತ ಕೊಡಬೇಕಾದುದು ಹತ್ತು ಗಂಟೆಯೊಳಗೆ, ಕಾಫಿಯನ್ನೂ ಕುಡಿಯದೆ. ಅದಕ್ಕೆ ಕೊಳ್ಳೇಗಾಲದ ಮೊದಲ ಬಸ್ಸನ್ನೇ ಹಿಡಿಯಬೇಕು. ಅಂದು ಬೆಳಗಿನ ಸೊಪ್ಪನ್ನು ಬೇರೆ ಯಾರಾದರೂ ಕೊಯ್ದು ಹಾಕಲಿ.