ನಾವು ಫಲಾನುಭವಿಗಳಾ, ಗ್ರಾಹಕರಾ?

ರೈತ ಸಂಪರ್ಕ ಕೇಂದ್ರದ ಪಟ್ಟಿಯಲ್ಲಿ ನಾವು ‘ಫಲಾನುಭವಿ’. ಬ್ಯಾಂಕಿನಲ್ಲಿ ‘ಸಾಲಗಾರ’. ಮೇಳದ ವೇದಿಕೆಯಲ್ಲಿ ಮೈಕ್ ಸಿಕ್ಕವರಿಗೆಲ್ಲ ‘ಅನ್ನದಾತ’ (ಈ ಹೆಸರು ಕೇಳಿದರೇ ನನಗೆ ಭಯ, ಹಿಂದೆಯೇ ಶಾಲು ಬರುತ್ತೆ, ಬೆಲೆ ಬರಲ್ಲ). ಹಾಲಿನ ಡೇರಿಯಲ್ಲಿ ಮಾತ್ರ ‘ಸದಸ್ಯ’, ಅಲ್ಲಿ ನಮಗೆ ಓಟೂ ಇದೆ. ಏನಂತ ಕರೆದರೇನು, ಕೆಲಸ ಆದರೆ ಸಾಕು ಅಂತೀರಾ? ನನಗೆ ಹಾಗನ್ನಿಸಲ್ಲ.

ಫಲಾನುಭವಿ ಅಂದರೆ ಫಲ ಉಣ್ಣುವವನು. ಬೆಳೆದು ಕೊಡುವವರಿಗೇ ಈ ಹೆಸರು! ನಮ್ಮ ಫ್ರೂಟ್ಸ್ ಐಡಿಯ ಪೂರ್ತಿ ಹೆಸರು ಬಿಡಿಸಿ ನೋಡಿ, ಅದರೊಳಗೂ ‘ಬೆನಿಫಿಶಿಯರಿ’ ಕೂತಿದ್ದಾನೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೆ ಆ ಪದ ಒಪ್ಪೋಣ, ಅದಕ್ಕೆ ನಾವೇನೂ ಕಟ್ಟಿಲ್ಲ. ಆದರೆ ಫಸಲ್ ಬಿಮಾದಲ್ಲಿ ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ. 2ರವರೆಗೆ, ತೋಟಗಾರಿಕೆ ಬೆಳೆಗೆ ಶೇ. 5ರವರೆಗೆ ನಮ್ಮ ಜೇಬಿನಿಂದಲೇ ಹೋಗುತ್ತೆ. ಕಂತು ಕಟ್ಟಿದವನು ವಿಮೆದಾರ. ರಾಗಿ ಬೀಜ ಸಹಾಯಧನದಲ್ಲಿ ಸಿಕ್ಕರೂ ಉಳಿದ ದುಡ್ಡು ನಮ್ಮದೇ. ದುಡ್ಡು ಕೊಟ್ಟವನು ಗ್ರಾಹಕ.

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಬೀಜ ಕೊಂಡ ರೈತ ಗ್ರಾಹಕನೇ, ಕಳಪೆ ಬೀಜಕ್ಕೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು. ಬೀಜ ಕಾಯ್ದೆ ಬೇರೆ ಇದೆ, ಇಲ್ಲಿಗೆ ಬರಬೇಡಿ ಅನ್ನೋ ವಾದ ಅಲ್ಲಿ ನಿಲ್ಲಲಿಲ್ಲ. ಫಲಾನುಭವಿ ಅಂದುಕೊಂಡವನು ಮೊಳಕೆ ಬರದಿದ್ದರೆ ಹಣೆಬರಹ ಅಂತ ಸುಮ್ಮನಾಗ್ತಾನೆ. ಕೊಟ್ಟಿದ್ದೇ ಹೆಚ್ಚು ಅಂತ ಅವನೂ ನಂಬಿಬಿಟ್ಟಿರ್ತಾನೆ.

ಅಟ್ಟೂರಿನಲ್ಲಿ ನಮ್ಮ ಸುತ್ತ ಲೇಔಟ್‌ಗಳು ಎದ್ದಿವೆ. ಅಲ್ಲಿನವರು ಕರೆಂಟು ಹೋದರೆ ಗ್ರಾಹಕರಾಗಿ ಫೋನ್ ಮಾಡಿ ಜೋರಾಗಿ ಕೇಳ್ತಾರೆ. ನಾವು ಕೌಂಟರ್ ಮುಂದೆ ಕೈಕಟ್ಟಿ ನಿಲ್ತೀವಿ. ಅಧಿಕಾರಿಗಳ ಮೇಲೆ ನನಗೆ ಸಿಟ್ಟಿಲ್ಲ, ಹೆಚ್ಚಿನವರು ಫಾರಂನಲ್ಲಿರೋ ಪದವನ್ನೇ ಓದ್ತಾರೆ.

ಈ ಸಲ ಬೀಜ ತರುವಾಗ ಬಿಲ್ ಕೇಳಿ ಇಸ್ಕೊಳ್ಳಿ. ಚೀಲದ ಟ್ಯಾಗ್, ಲಾಟ್ ನಂಬರ್, ಅವಧಿ ಮೂರೂ ಕಾಣುವಂತೆ ಫೋಟೊ ತೆಗೀರಿ. ಒಂದು ಹಿಡಿ ಬೀಜ ಅದೇ ಚೀಲದಲ್ಲಿ ಉಳಿಸಿ, ಪರೀಕ್ಷೆಗೆ ಬೇಕಾಗುತ್ತೆ. ಮೊಳಕೆ ಕೈಕೊಟ್ಟರೆ ಹೊಲದ ಫೋಟೊ ಸಮೇತ ಕೃಷಿ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೀರಿ. ಗ್ರಾಹಕ ಸಹಾಯವಾಣಿ 1915. ದೂರಿನಲ್ಲಿ ನಿಮ್ಮ ಹೆಸರಿನ ಮುಂದೆ ‘ಖರೀದಿದಾರ’ ಅಂತಲೇ ಬರೀರಿ.