ಮುಖಪುಟದ ಮೂಲೆಯ ಎರಡಕ್ಷರ

ಚಂದಮಾಮ ನೋಡಿದವರು ನಮ್ಮಲ್ಲಿ ಎಷ್ಟು ಜನ? ಅದರ ಮುಖಪುಟ ಬರೆದವರು ಯಾರು ಅಂತ ಕೇಳಿದರೆ ಎಷ್ಟು ಕೈ ಏಳ್ತವೆ? ನನ್ನ ಕೈಯಂತೂ ಹೋದ ಬೇಸಿಗೆಯವರೆಗೆ ಏಳುತ್ತಿರಲಿಲ್ಲ.

ಅಮ್ಮ ಬೈಂಡ್ ಮಾಡಿಸಿಟ್ಟಿದ್ದ ಹಳೆಯ ಚಂದಮಾಮಗಳು ನಮ್ಮ ಮನೆಯಲ್ಲಿದ್ದವು. ಕನ್ನಡ ಶಾಲೆಗೆ ಸೇರಿ ಅಕ್ಷರ ಕಲಿಯುವ ಮೊದಲೇ ಆ ಚಿತ್ರಗಳನ್ನು ನೋಡಿದವನು ನಾನು. ಪಿ.ಯು.ಸಿ. ಮುಗಿದ ವರ್ಷ ಮನೆ ಬದಲಿಸುವಾಗ ಅವನ್ನೆಲ್ಲ ರದ್ದಿಗೆ ತೂಗಿ ಕೊಟ್ಟವನೂ ನಾನೇ. ಅಮ್ಮ ಆವತ್ತು ಏನೂ ಅನ್ನಲಿಲ್ಲ.

ಹೋದ ಬೇಸಿಗೆ ವಿಶಾಖಪಟ್ಟಣದ ಚಿಕ್ಕಪ್ಪನ ಮನೆಗೆ ಹೊರಟಿದ್ದೆ. ವಿಜಯವಾಡದಲ್ಲಿ ರೈಲು ಬದಲಿಸಿದಾಗ ಎದುರಿಗೆ ಒಬ್ಬ ನಿವೃತ್ತ ಮೇಷ್ಟ್ರು ಕೂತಿದ್ದರು. ನನ್ನ ಹರಕು ತೆಲುಗಿನಲ್ಲೇ ಮಾತು ಸಾಗಿತು. ಅನಕಾಪಲ್ಲಿ ಬರುವುದಕ್ಕೆ ಸ್ವಲ್ಪ ಮುಂಚೆ ಕಿಟಕಿಯಾಚೆ ಕೈ ತೋರಿಸಿ, "ಬಾಬು, ಇದು ಕಶಿಂಕೋಟ. ನಮ್ಮ ವಪಾ ಇದ್ದ ಊರು" ಎಂದರು. ವಪಾ ಅಂದರೆ ಯಾರು ಎಂದೆ. "ಚಂದಮಾಮ ಓದಿಲ್ಲವಾ?" ಎಂದರು. ನಾನು ತಲೆ ತಗ್ಗಿಸಿದೆ.

ವಡ್ಡಾದಿ ಪಾಪಯ್ಯ. 1921ರಲ್ಲಿ ಶ್ರೀಕಾಕುಳದಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡರು. ಚಂದಮಾಮ ಹೊರಡುತ್ತಿದ್ದದ್ದು ಮದರಾಸಿನಿಂದ; ಒಂದೇ ಚಿತ್ರ ಎಲ್ಲ ಭಾಷೆಗಳಿಗೂ ಹೋಗುತ್ತಿತ್ತು. ಆ ಮುಖಪುಟಗಳಿಗೆ ವರ್ಷಗಟ್ಟಲೆ ಬಣ್ಣ ಹಾಕಿದವರು ಇವರು. ತೆಲುಗಿನ 'ಯುವ' ಮಾಸಪತ್ರಿಕೆಗೆ ಹಳ್ಳಿಯ ಹೆಂಗಸರನ್ನು ಬರೆದರು, ಋತುಗಳನ್ನು ಬರೆದರು. ಇವರಿಗಿಂತ ಮೊದಲು ಚಂದಮಾಮದ ಮುಖಪುಟ ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರು. ಅದು ಗೊತ್ತಿರುವ ಕನ್ನಡಿಗರಾದರೂ ಎಷ್ಟು ಜನ?

ನನ್ನ ರೂಮ್‌ಮೇಟ್ ಕೇಳಿದ: "ಹೊಲದಲ್ಲಿ ದುಡಿಯೋ ಹೆಣ್ಣಿಗೆ ಇಷ್ಟು ಒಡವೆ ಎಲ್ಲಿಂದ ಬಂತೋ? ಹಸಿವೇ ಕಾಣಲ್ಲವಲ್ಲ?" ನ್ಯಾಯವಾದ ಪ್ರಶ್ನೆ. ಆದರೆ ಹಳ್ಳಿಯ ಹೆಣ್ಣೂ ಹಬ್ಬದ ದಿನ ಕನ್ನಡಿ ನೋಡಿಕೊಳ್ಳುತ್ತಾಳೆ. ಪಾಪಯ್ಯನವರು ಆ ದಿನವನ್ನು ಬರೆದರು ಅಂತ ನನಗನ್ನಿಸುತ್ತೆ. ಅವನು ಒಪ್ಪಲಿಲ್ಲ, ಒಪ್ಪಬೇಕೆಂದೂ ಇಲ್ಲ. ಆದರೆ ಹೀಗೆ ಜಗಳವಾಡುವುದಕ್ಕಾದರೂ ಬರೆದವರ ಹೆಸರು ಗೊತ್ತಿರಬೇಕಲ್ಲವೇ? ಕವಿಯ ಊರು, ಕಾಲ, ಕೃತಿಗಳನ್ನು ಪರೀಕ್ಷೆಗೆ ಉರು ಹೊಡೀತೀವಿ. ಅಕ್ಷರಕ್ಕಿಂತ ಮೊದಲು ನಮ್ಮ ಕಣ್ಣು ತೆರೆಸಿದವರನ್ನು ಯಾರೂ ಕೇಳುವುದಿಲ್ಲ.

ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಒಂದು ಬಾಬತ್ತು ಇದೆ. ಕಣ್ಣಿಗೆ ಕಾಣದ ಆಸ್ತಿ. ಅದು ರದ್ದಿಯವನ ತಕ್ಕಡಿಗೆ ಹತ್ತುವುದಿಲ್ಲ. ಹತ್ತಿದ್ದರೆ ನಾನು ಆ ಚಂದಮಾಮಗಳನ್ನು ಕೊಡುತ್ತಿರಲಿಲ್ಲ.

ಕೊನೆಗೆ ನಮ್ಮ ಮನೆಯ ಮಾತು. ಈ ಪತ್ರಿಕೆಯ ಕಳೆದ ಸಂಚಿಕೆಯ ಮುಖಪುಟಕ್ಕೆ ಎರಡನೇ ವರ್ಷದ ಒಬ್ಬ ಹುಡುಗ ಎರಡು ರಾತ್ರಿ ಕೂತು ಸ್ಟೆನ್ಸಿಲ್ ಮೇಲೆ ಕೊರೆದ. ಕವನ ಬರೆದ ಎಲ್ಲರ ಹೆಸರೂ ಅಚ್ಚಾಯಿತು, ಅವನದು ಮಾತ್ರ ಇಲ್ಲ. ಸಂಪಾದಕ ಮಿತ್ರರೇ, ಪಾಪಯ್ಯನವರಿಗೆ ಮೂಲೆಯಲ್ಲಿ ಎರಡಕ್ಷರದ ಜಾಗವಾದರೂ ಇತ್ತು. ನಮ್ಮ ಹುಡುಗನಿಗೂ ಅಷ್ಟು ಕೊಡಿ.